ಮರೆವೂ ಒಬ್ಬ ಗುರು

ಪರೀಕ್ಷೆ ಸಮೀಪಿಸಿತೆಂದರೆ ನಮ್ಮ ಕೊಡ್ಲಿಪೇಟೆಯ ಮನೆಗಳಲ್ಲಿ ದೀಪ ಆರುವುದು ತಡವಾಗುತ್ತದೆ. ವರ್ಷವೆಲ್ಲ ಮುಟ್ಟದ ಪುಸ್ತಕವನ್ನು ಒಂದೇ ರಾತ್ರಿಯಲ್ಲಿ ಹತ್ತು ಬಾರಿ ತಿರುವಿಹಾಕಿದವನು ಮರುದಿನ ಚೆನ್ನಾಗಿಯೇ ಬರೆದು ಬರುವುದುಂಟು. ಷಟ್ಪದಿಗಳ ಲಕ್ಷಣವನ್ನು ತಡವರಿಸದೆ ಒಪ್ಪಿಸಿದ ಹುಡುಗನೊಬ್ಬನನ್ನು ಹಿಂದೊಮ್ಮೆ ನಾನೂ ಮನಸಾರೆ ಹೊಗಳಿದ್ದೆ. ಬೇಸಗೆಯ ರಜೆ ಕಳೆದು ಮತ್ತೆ ಕೇಳಿದಾಗ ಅವನು ತಲೆತಗ್ಗಿಸಿ ನಿಂತ. ತಪ್ಪು ಅವನದಲ್ಲ, ಪಾಠವನ್ನು ಒಮ್ಮೆ ಮುಗಿಸಿ ಮತ್ತೆ ಅತ್ತ ತಿರುಗಿನೋಡದ ನನ್ನದು ಎಂಬ ಅರಿವು ನನಗಾದುದು ಬಹುಕಾಲದ ಮೇಲೆ.

ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಕಂಠಪಾಠ ಮಾಡುತ್ತ ತನ್ನನ್ನೇ ಪರೀಕ್ಷೆಗೊಡ್ಡಿಕೊಂಡು, ಅದರ ಫಲವನ್ನು 1885ರಲ್ಲಿ ಪ್ರಕಟಿಸಿದನು. ಹನ್ನೆರಡು ಗುಚ್ಛಗಳ ಸಾಲೊಂದನ್ನು ಹಿಂದಿನ ದಿನ ಒಂದೇ ಸಮನೆ 68 ಬಾರಿ ಓದಿದುದರಿಂದ ದೊರೆತ ಪ್ರಯೋಜನವು, ಹಿಂದಿನ ಮೂರು ದಿನಗಳಿಗೆ ಹಂಚಿ 38 ಬಾರಿ ಓದಿದುದರಿಂದಲೂ ದೊರೆಯಿತು. ಶ್ರಮ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಲಾಭ ಮಾತ್ರ ಸಮ. ನೆನಪು ಹೆಚ್ಚು ಕಾಲ ಉಳಿಯಬೇಕಾದರೆ ಓದುಗಳ ನಡುವಣ ಅಂತರವೂ ಹೆಚ್ಚಬೇಕೆಂದು ಮುಂದಿನ ಸಂಶೋಧನೆಗಳು ತೋರಿಸಿಕೊಟ್ಟಿವೆ.

ಇದಕ್ಕೆ ಕಾರಣವೇನು? ಓದಿದ ಪುಟವನ್ನು ಒಡನೆಯೇ ಮತ್ತೆ ಓದಿದರೆ ಮನಸ್ಸಿಗೆ ಕೆಲಸವಿಲ್ಲ. ಪರಿಚಯವನ್ನೇ ಅದು ಜ್ಞಾನವೆಂದು ಭ್ರಮಿಸುತ್ತದೆ. ಅರೆಮರೆತುದನ್ನು ಪುಸ್ತಕ ತೆರೆಯದೆ ತಡಕಿ ಹೊರತೆಗೆಯುವಾಗಲಾದರೋ ಅದು ದುಡಿಯಬೇಕಾಗುತ್ತದೆ. ಆ ದುಡಿಮೆಯಿಂದಲೇ ನೆನಪು ಬೇರೂರುತ್ತದೆ.

ನಮ್ಮ ಹಿರಿಯರು ಈ ಶಾಸ್ತ್ರವನ್ನು ಓದಿದವರಲ್ಲ, ಆಚರಿಸಿದವರು. ಸಂಜೆ ಸಂಜೆಗೂ ಜಗಲಿಯ ಮೇಲೆ ಮಗ್ಗಿ ಹೇಳಿದವರು ಮುಪ್ಪಿನಲ್ಲಿಯೂ ಲೆಕ್ಕ ತಪ್ಪಲಿಲ್ಲ. ಅಕ್ಷರವರಿಯದ ಎಷ್ಟೋ ಮಂದಿ ಕುಮಾರವ್ಯಾಸನ ಭಾರತವನ್ನು ಗಮಕಿಗಳ ಬಾಯಿಂದ ವರ್ಷವರ್ಷವೂ ಕೇಳಿ ಕಂಠಸ್ಥ ಮಾಡಿಕೊಂಡರು.

ನಮ್ಮ ನೆರೆಯ ಊರಿನ ಹೆಸರು ಶನಿವಾರಸಂತೆ. ವರ್ಷದ ಸೊಪ್ಪುತರಕಾರಿಯನ್ನು ಒಂದೇ ಸಂತೆಯಲ್ಲಿ ಕೊಂಡುತರುವ ಗೃಹಸ್ಥನುಂಟೆ? ಮನೆಯ ಬುಟ್ಟಿ ಬರಿದಾಗುತ್ತ ಬಂದಾಗ ಮತ್ತೆ ಚೀಲ ಹಿಡಿದು ಹೊರಡುತ್ತಾನೆ. ಪಾಠಕ್ಕೂ ಹೀಗೆಯೇ ಮರಳಬೇಕು: ಇಂದು ಓದಿದುದಕ್ಕೆ ನಾಳೆ, ಬಳಿಕ ವಾರಕ್ಕೆ, ಆಮೇಲೆ ತಿಂಗಳಿಗೆ. ಮೊದಲು ಪುಸ್ತಕ ಮುಚ್ಚಿ ನೆನೆಯುವುದು, ತಪ್ಪಿದ್ದನ್ನು ಆಮೇಲೆ ತೆರೆದು ತಿದ್ದಿಕೊಳ್ಳುವುದು.

ಈಗ ನಾನು ಪ್ರತಿ ತರಗತಿಯ ಮೊದಲ ಐದು ನಿಮಿಷಗಳನ್ನು ಕಳೆದ ತಿಂಗಳ ಪಾಠಕ್ಕೆ ಮೀಸಲಿಡುತ್ತೇನೆ. ಹುಡುಗರು ತಡವರಿಸುತ್ತಾರೆ. ಮೊದಲಾಗಿದ್ದರೆ ಗದರಿಸುತ್ತಿದ್ದೆ; ಈಗ ಸುಮ್ಮನೆ ಕಾಯುತ್ತೇನೆ. ಕಲಿಕೆ ನಡೆಯುತ್ತಿರುವುದು ಆಗಲೇ ಎಂಬುದನ್ನು ಅರಿಯಲು ನನಗೆ ಇಷ್ಟು ವರ್ಷ ಬೇಕಾಯಿತು.