ಅರೇಬಿಕಾ ಮೇಲೋ, ರೋಬಸ್ಟಾ ಮೇಲೋ?

ಚಿಕ್ಕಮಗಳೂರಿನ ಪೇಟೆಗೆ ಅಂಟಿಕೊಂಡಂತೇ ಇರುವ ಹಿರೇಮಗಳೂರಿನಲ್ಲಿ ಕೋದಂಡರಾಮನಿಗೆ ಕನ್ನಡದಲ್ಲೇ ಪೂಜೆ. ಆ ಪೂಜೆ ಮಾಡುವ ಕಣ್ಣನ್ ಅವರನ್ನು ನಾಡಿನ ಬಹಳಷ್ಟು ಜನ ಮೊದಲು ನೋಡಿದ್ದು ಗುಡಿಯಲ್ಲಲ್ಲ, ಉದಯ ಟಿ.ವಿ.ಯ ‘ಹರಟೆ’ಯಲ್ಲಿ. ಅ.ರಾ. ಮಿತ್ರ, ಎಂ. ಕೃಷ್ಣೇಗೌಡರಂಥ ಕನ್ನಡ ಮೇಷ್ಟ್ರುಗಳ ಸಾಲಿನಲ್ಲಿ ಕೂತು ಅವರು ಮಾತಾಡುತ್ತಿದ್ದ ಆ ಕಾರ್ಯಕ್ರಮದಲ್ಲಿ ಹಾಡಿರಲಿಲ್ಲ, ಕುಣಿತವಿರಲಿಲ್ಲ. ಒಂದಷ್ಟು ಕುರ್ಚಿ, ಮೈಕು, ಮುಂದೆ ನಗಲು ತಯಾರಾಗಿ ಬಂದ ಜನ. ಇಷ್ಟನ್ನೇ ಇಟ್ಟುಕೊಂಡು ವರ್ಷಗಟ್ಟಲೆ ಮನೆಮಂದಿಯನ್ನು ಹಿಡಿದು ಕೂರಿಸಿದ್ದು ಹೇಗೆ?

ಆಟದ ಕಟ್ಟು ತೀರಾ ಸರಳ. ನಡುವೆ ಒಬ್ಬ ನಿರ್ವಾಹಕ, ಎಡಬಲಕ್ಕೆ ಎರಡು ಪಕ್ಷ. ವಿಷಯ ಸಾಮಾನ್ಯವಾಗಿ ಅಡುಗೆಮನೆಯಿಂದ ಜಗಲಿಯವರೆಗಿನ ಸಂಸಾರದ್ದು. ಹಬ್ಬದ ದಿನ ಸನ್ ಟಿ.ವಿ.ಯಲ್ಲಿ ಸಾಲೊಮನ್ ಪಾಪಯ್ಯ ನಡೆಸಿಕೊಡುತ್ತಿದ್ದ ತಮಿಳಿನ ಪಟ್ಟಿಮಂಡ್ರಂ ಕಂಡವರಿಗೆ ಈ ಜಾಡು ಗೊತ್ತು. ಉದಯ ವಾಹಿನಿ 1994ರಲ್ಲಿ ಅದೇ ಮನೆಯಿಂದ ಹೊರಟದ್ದು. ಕನ್ನಡಕ್ಕೆ ಬಂದ ಮೇಲೆ ಆಟ ಕನ್ನಡದ್ದೇ ಆಯಿತು.

ಒಳಗಿನ ಕಸುಬು ಮಾತ್ರ ಅಷ್ಟು ಸರಳವಲ್ಲ. ನಮ್ಮ ಕಡೆಯದೇ ಒಂದು ವಿಷಯ ಕಲ್ಪಿಸಿಕೊಳ್ಳಿ: ‘ಅರೇಬಿಕಾ ಮೇಲೋ, ರೋಬಸ್ಟಾ ಮೇಲೋ?’ ಬಾಬಾಬುಡನ್‌ಗಿರಿ ತಪ್ಪಲಿನವರ ಪರವಾಗಿ ಒಬ್ಬರು ಏಳುತ್ತಾರೆ. ಅರೇಬಿಕಾದ ಘಮ, ಎತ್ತರದ ನೆಲ, ಮರದ ನೆರಳು ಎಲ್ಲವನ್ನೂ ಹೊಗಳಿ, ‘ನಾಜೂಕಿನ ಗಿಡ, ದೊಡ್ಡಮನೆ ಹೆಣ್ಣಿನ ಹಾಗೆ ನೋಡಿಕೊಳ್ಳಬೇಕು’ ಎಂದು ಬೀಗುತ್ತಾ ಕೂರುತ್ತಾರೆ. ಅನಾಡಿ ಎದುರಾಳಿಯಾದರೆ ತಕ್ಷಣ ಎದ್ದು ರೋಬಸ್ಟಾದ ಗುಣಗಾನ ಶುರುಮಾಡಿ ಕೆಡುತ್ತಾನೆ. ನುರಿತವನು ಹಾಗೆ ಮಾಡುವುದಿಲ್ಲ. ಸ್ವಲ್ಪ ಸುಮ್ಮನಿದ್ದು, ಎದುರಿನವರು ಬಿಟ್ಟುಹೋದ ಮಾತನ್ನೇ ಎತ್ತಿಕೊಳ್ಳುತ್ತಾನೆ: ‘ಹೌದು ಸ್ವಾಮಿ, ದೊಡ್ಡಮನೆ ಹೆಣ್ಣೇ. ಅದಕ್ಕೇ ಕಾಂಡಕೊರಕ ಸಂಬಂಧ ಕೇಳಿಕೊಂಡು ಅಲ್ಲಿಗೇ ಬರೋದು, ನಮ್ಮ ಮನೆ ಕಡೆ ತಲೆ ಹಾಕೋದಿಲ್ಲ.’ ಬಿಳಿ ಕಾಂಡಕೊರಕ ಅರೇಬಿಕಾದ ಬುಡಕ್ಕೇ ಬರುವ ಹುಳು, ರೋಬಸ್ಟಾವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಹಾಗಾಗಿ ನಗೆಯ ಅಡಿಯಲ್ಲಿ ನಿಜವಾದ ತೋಟದ ಲೆಕ್ಕವಿದೆ. ಸಭೆ ನಗುತ್ತದೆ, ಎದುರಾಳಿಯೂ ನಗುತ್ತಾರೆ. ಅವರು ನಗಲೇಬೇಕು, ಮುಖ ಗಂಟಿಕ್ಕಿದರೆ ಆಟ ಅಲ್ಲಿಗೇ ಮುಗಿಯಿತು.

ಈ ಬಗೆಯ ಕಾರ್ಯಕ್ರಮಗಳ ಜೀವಾಳವೇ ಇದು ಎಂದು ನನಗೆ ಅನ್ನಿಸುವುದು. ಹೊಡೆತ ಬಿದ್ದವನ ಮುಖ ನೋಡುವುದರಲ್ಲಿ ಅರ್ಧ ಸುಖವಿದೆ. ಈಗಿನ ಸುದ್ದಿವಾಹಿನಿಗಳ ಚರ್ಚೆಯಲ್ಲೂ ಕುರ್ಚಿಗಳಿವೆ, ಎರಡು ಪಕ್ಷಗಳಿವೆ, ಬೇಕಾದಷ್ಟು ಗದ್ದಲವಿದೆ. ಇಲ್ಲದಿರುವುದು ಎದುರಿನವರ ಒಳ್ಳೆಯ ಮಾತಿಗೆ ತಲೆದೂಗುವ ದೊಡ್ಡತನ ಒಂದೇ.

ಇನ್ನು ನಿರ್ವಾಹಕ. ಯಾರು ಉದ್ದ ಎಳೆಯುತ್ತಿದ್ದಾರೆ, ಯಾರಿಗೆ ಮಾತು ಸಿಗದೆ ಒದ್ದಾಟವಾಗಿದೆ, ಯಾವ ನಗೆ ಗಡಿ ದಾಟುವಂತಿದೆ ಎಂಬುದರ ಮೇಲೆಲ್ಲ ಅವನದೊಂದು ಕಣ್ಣು. ಕೊನೆಗೆ ತೀರ್ಪು ಬೇರೆ ಕೊಡಬೇಕು, ಆ ತೀರ್ಪು ಯಾರನ್ನೂ ನೋಯಿಸಬಾರದು, ಹಾಗಂತ ಜಾರಿಕೊಂಡಂತೆಯೂ ಇರಬಾರದು. ನಮ್ಮ ಕಾಫಿ ಜಗಳಕ್ಕೆ ನಾನಾದರೆ, ‘ನೀವಿಬ್ಬರೂ ಹೊಡೆದಾಡಿ, ಲೋಟದಲ್ಲಿ ಗೆದ್ದು ಕೂತಿರೋದು ಚಿಕೋರಿ’ ಎಂದು ಎದ್ದುಬಿಡುತ್ತಿದ್ದೆ.

ಮಲೆನಾಡಿಗೆ ಇದು ಬೇಗ ರುಚಿಸಿದ್ದಕ್ಕೆ ಕಾರಣ ಟಿ.ವಿ.ಗಿಂತ ಹಳೆಯದು. ಗುಡ್ಡದ ನೆತ್ತಿಗೆ ಆಂಟೆನಾ ಕಟ್ಟಿ ಮನೆತನಕ ತಂತಿ ಎಳೆದು ದೂರದರ್ಶನ ಹಿಡಿಯುವ ಕಾಲಕ್ಕೂ ಮೊದಲೇ ಕಳಸ, ಕೊಪ್ಪ, ಶೃಂಗೇರಿ ಸೀಮೆಯ ಕಿವಿ ತಾಳಮದ್ದಳೆಯಲ್ಲಿ ಪಳಗಿತ್ತು. ಜಡಿಮಳೆಗೆ ಬಯಲಾಟ ನಿಂತಾಗ ಮನೆಯ ಚಾವಡಿಯಲ್ಲೋ ದೇವಸ್ಥಾನದಲ್ಲೋ ವೇಷವಿಲ್ಲದೆ, ಗೆಜ್ಜೆಯಿಲ್ಲದೆ ಅರ್ಥಧಾರಿಗಳು ಎದುರುಬದುರು ಕೂರುತ್ತಾರೆ. ಭಾಗವತರು ಪದ ಹೇಳುತ್ತಾರೆ. ಅರ್ಥ ಆಯಾ ಹೊತ್ತಿಗೆ ಹುಟ್ಟಬೇಕು, ಬರೆದಿಟ್ಟ ಪಾಠವಿಲ್ಲ. ‘ವಾಲಿವಧೆ’ಯಲ್ಲಿ ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ ಎಂದು ರಾಮನನ್ನು ಕೇಳುವಾಗ ಕೇಳುಗನಿಗೆ ಕಥೆಯ ಕೊನೆ ಗೊತ್ತು. ಆದರೂ ನಿದ್ದೆಗೆಟ್ಟು ಕೂರುತ್ತಾನೆ, ಈ ರಾತ್ರಿಯ ರಾಮ ಏನು ಉತ್ತರ ಹೇಳಿಯಾನು ಎಂದು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇಂದಿಗೂ ಅದನ್ನೇ ಹೇಳುತ್ತಿರುತ್ತಾರೆ. ತನಗೆ ಬಂದ ಪಕ್ಷವನ್ನು, ಅದು ಸೋಲುವ ಪಕ್ಷವೇ ಆದರೂ, ಪೂರ್ತಿ ವಹಿಸಿಕೊಂಡು ಮಾತಾಡುವುದು ಅಲ್ಲಿಯ ನೇಮ. ‘ಹರಟೆ’ಯದು ಇದರ ಸಂಸಾರಸ್ಥ ರೂಪ ಎಂದರೆ ತಾಳಮದ್ದಳೆಯವರು ಬೇಸರಪಟ್ಟುಕೊಳ್ಳಲಾರರು ಅಂದುಕೊಂಡಿದ್ದೇನೆ.

ಪಣ ಚಿಕ್ಕದಿದ್ದಷ್ಟೂ ಇಂಥ ಆಟ ಚೆಂದ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1950ರಿಂದ 1967ರವರೆಗೆ ನಡೆದ ‘ವಾಟ್ಸ್ ಮೈ ಲೈನ್?’ನಲ್ಲಿ ನಾಲ್ವರು ಕೂತು, ಎದುರಿಗಿರುವವರ ಕಸುಬು ಏನೆಂದು ಹೌದು–ಅಲ್ಲ ಉತ್ತರದ ಪ್ರಶ್ನೆಗಳಿಂದಲೇ ಪತ್ತೆ ಮಾಡಬೇಕಿತ್ತು. ಒಂದು ‘ಅಲ್ಲ’ಕ್ಕೆ 5 ಡಾಲರ್, ಹತ್ತು ‘ಅಲ್ಲ’ಕ್ಕೆ 50 ಡಾಲರ್, ಅಲ್ಲಿಗೆ ಆಟ ಮುಗಿಯಿತು. ಹೆಸರಾಂತರು ಬಂದಾಗ ಕೇಳುವವರ ಕಣ್ಣಿಗೆ ಪಟ್ಟಿ; ಬಂದವರೋ ದನಿ ಬದಲಿಸಿ ಕೀರಲು ಗಂಟಲಲ್ಲಿ ಉತ್ತರಿಸುತ್ತಿದ್ದರು. ಐವತ್ತು ಡಾಲರಿಗೆ ಯಾರು ಬರುತ್ತಾರೆ? ಗೆದ್ದ ಹಣಕ್ಕಿಂತ ಆಟದ ಮೋಜೇ ಅಲ್ಲಿ ದೊಡ್ಡದು. ನಮ್ಮಲ್ಲಿ ಚಂದನ ವಾಹಿನಿಯಲ್ಲಿ 2002ರಲ್ಲಿ ಶುರುವಾದ ‘ಥಟ್ ಅಂತ ಹೇಳಿ’ ರಸಪ್ರಶ್ನೆಯಾದರೂ ಇದೇ ಕುಲದ್ದು. ವೈದ್ಯರಾದ ನಾ. ಸೋಮೇಶ್ವರ ಕೇಳುತ್ತಾರೆ, ಸರಿ ಹೇಳಿದರೆ ಕೈಗೆ ಬರುವುದು ಕನ್ನಡದ ಪುಸ್ತಕ. 2012ರಲ್ಲಿ ‘ಕನ್ನಡದ ಕೋಟ್ಯಧಿಪತಿ’ ಬಂದಾಗ ಪುನೀತ್ ರಾಜ್‌ಕುಮಾರ್ ಅವರ ನಗು ನೋಡಲು ನಾವೆಲ್ಲ ಕೂತದ್ದು ನಿಜವೇ. ಆದರೆ ಕೋಟಿ ರೂಪಾಯಿ ಮುಂದಿದ್ದಾಗ ಆಡುವವನ ಎದೆ ಹೊಡೆದುಕೊಳ್ಳುತ್ತದೆ, ಮಾತು ಆಡಲು ಪುರುಸೊತ್ತು ಎಲ್ಲಿ?

ಹಿರೇಮಗಳೂರಿಗೆ ಹೋದರೆ ಒಂದು ವಿಶೇಷ ಗಮನಿಸಿ. ಸಾಮಾನ್ಯವಾಗಿ ರಾಮನ ಎಡಕ್ಕಿರುವ ಸೀತೆ ಅಲ್ಲಿ ಬಲಕ್ಕೆ ನಿಂತಿದ್ದಾಳೆ, ಲಕ್ಷ್ಮಣ ಎಡಕ್ಕೆ. ಮದುವೆಯ ಹೊತ್ತಿನಲ್ಲಿ ನಿಂತ ಹಾಗೆ ದರ್ಶನ ಕೊಡು ಎಂದು ಪರಶುರಾಮ ಬೇಡಿದ್ದನಂತೆ, ಅದಕ್ಕೇ ಹೀಗೆ ಎನ್ನುತ್ತದೆ ಸ್ಥಳಪುರಾಣ. ಸೀತೆ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂದು ಎರಡು ಪಕ್ಷ ಕಟ್ಟಿ ಒಂದು ಗಂಟೆ ಆರಾಮವಾಗಿ ಕಳೆಯಬಹುದು. ತೀರ್ಪಿನ ಕೆಲಸ ಅರ್ಚಕರಿಗೇ ಬಿಡಿ, ಅವರಿಗದು ರೂಢಿ.