ಉಡುತಡಿಯ ಮದುವೆ, ಬಳ್ಳಿಗಾವಿಯ ಪ್ರೇಮ

ಟಿವಿ ಧಾರಾವಾಹಿಯ ಕಥೆ ಮದುವೆ ಮಂಟಪದವರೆಗೆ ಬಂದು ಅಲ್ಲೇ ನಿಂತುಬಿಡುತ್ತದೆ. ತಾಳಿ ಬೀಳುತ್ತದೆಯೋ ಇಲ್ಲವೋ ಎಂದು ತಿಳಿಯಲು ಮರುದಿನದವರೆಗೆ ಕಾಯಬೇಕು. ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಒಂದು ಮದುವೆಯ ಪ್ರಶ್ನೆಯಾದರೋ ಶತಮಾನಗಳಿಂದ ಹಾಗೆಯೇ ಉಳಿದಿದೆ. ಅಕ್ಕಮಹಾದೇವಿ ಕೌಶಿಕ ರಾಜನ ಕೈಹಿಡಿದಳೇ?

ಹೌದು ಎನ್ನುತ್ತಾನೆ ಹರಿಹರ. ಸುಮಾರು 1200ರ ಹೊತ್ತಿನ ಈ ಕವಿಯ ‘ಮಹಾದೇವಿಯಕ್ಕನ ರಗಳೆ’ಯಲ್ಲಿ ಹುಡುಗಿಯ ರೂಪಕ್ಕೆ ಮರುಳಾದ ಅರಸ ಹೆತ್ತವರನ್ನು ಹೆದರಿಸುತ್ತಾನೆ. ಅವರನ್ನು ಉಳಿಸಲು ಮಹಾದೇವಿ ಒಪ್ಪುತ್ತಾಳೆ, ಆದರೆ ಷರತ್ತು ಹಾಕಿ. ಶಿವಪೂಜೆಗೆ, ಶರಣರ ಸಂಗಕ್ಕೆ, ಗುರುಸೇವೆಗೆ ಅಡ್ಡಿ ಬರಬಾರದು. ಮೂರು ತಪ್ಪು ಸಹಿಸುವೆ, ಆಮೇಲೆ ಹೊರಟೆ. ಇಲ್ಲಿಂದ ಮುಂದೆ ಓದುಗನ ಕೆಲಸ ಎಣಿಸುವುದು. ಒಂದಾಯಿತು, ಎರಡಾಯಿತು. ಮೂರನೆಯದು ಆದೊಡನೆ ಆಕೆ ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ಬಿಟ್ಟು ಶ್ರೀಶೈಲದ ದಾರಿ ಹಿಡಿಯುತ್ತಾಳೆ.

ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದ ಚಾಮರಸ ಇದನ್ನು ಒಪ್ಪಲಿಲ್ಲ. ಅವನ ‘ಪ್ರಭುಲಿಂಗಲೀಲೆ’ಯಲ್ಲಿ ಮದುವೆಯೇ ನಡೆಯುವುದಿಲ್ಲ. ವಿದ್ವಾಂಸರ ವಾದ ಇಂದಿಗೂ ಮುಗಿದಿಲ್ಲ.

ಚಾಮರಸನ ಕತ್ತರಿ ಪಕ್ಕದೂರಿನ ಕಥೆಗೂ ಬಿದ್ದಿದೆ. ಉಡುತಡಿಗೆ ಹತ್ತಿರದ ಬಳ್ಳಿಗಾವಿ ಅಲ್ಲಮಪ್ರಭುವಿನ ಊರು. ಹರಿಹರ ಹೇಳುವ ಅಲ್ಲಮ ದೇವಾಲಯದಲ್ಲಿ ಮದ್ದಳೆ ಬಾರಿಸುವ ಯುವಕ. ಕಮಲತೆಯನ್ನು ಪ್ರೀತಿಸಿ ಮದುವೆಯಾಗುತ್ತಾನೆ. ಆಕೆ ಜ್ವರದಿಂದ ತೀರಿಕೊಳ್ಳುತ್ತಾಳೆ. ಹುಚ್ಚನಂತೆ ಅಲೆದ ಅವನು ಒಂದು ತೋಟದಲ್ಲಿ ಕುಳಿತು ಕಾಲುಗುರಿನಿಂದ ಸುಮ್ಮನೆ ನೆಲ ಕೆರೆಯುತ್ತಿರುವಾಗ ಹೂತುಹೋದ ಗುಡಿಯ ಕಳಸ ಕಾಣಿಸುತ್ತದೆ. ಅಗೆಸಿ ಒಳಹೊಕ್ಕರೆ ಅನಿಮಿಷಯ್ಯ, ಅವನ ಕೈಯಲ್ಲಿ ಲಿಂಗ. ಹೆಂಡತಿಯನ್ನು ಕಳೆದುಕೊಂಡವನ ದುಃಖವೇ ಅವನನ್ನು ಆ ಬಾಗಿಲವರೆಗೆ ತಂದಿತು.

ಚಾಮರಸನಲ್ಲಿ ಕಮಲತೆಯೂ ಇಲ್ಲ, ಜ್ವರವೂ ಇಲ್ಲ. ಕಥೆ ಬಳ್ಳಿಗಾವಿಯಿಂದ ಸೊರಬ ತಾಲ್ಲೂಕಿನ ಆಚೆಗಿರುವ ಬನವಾಸಿಗೆ ಸರಿಯುತ್ತದೆ. ಅಲ್ಲಿನ ರಾಜಕುಮಾರಿ ಮಾಯೆ, ಪಾರ್ವತಿಯ ತಾಮಸ ಕಳೆ, ಅಲ್ಲಮನನ್ನು ಒಲಿಸಿಕೊಳ್ಳಲು ಹೋಗಿ ಸೋಲುತ್ತಾಳೆ. ಮದ್ದಳೆ ಮಾತ್ರ ಉಳಿದಿದೆ. ಬಾರಿಸುವವನಿಗೆ ಯಾವ ಸೋಂಕೂ ತಟ್ಟದು.

ಕಾರಣ ಊಹಿಸುವುದು ಕಷ್ಟವಲ್ಲ. ಶೂನ್ಯಸಿಂಹಾಸನವೇರಿದ ಅಲ್ಲಮ ಒಮ್ಮೆ ಹೆಣ್ಣಿಗಾಗಿ ಅತ್ತಿದ್ದ, ಶರಣೆಯೊಬ್ಬಳು ಭವಿಯ ಹೆಂಡತಿಯಾಗಿದ್ದಳು ಎಂದರೆ ನಂತರದ ಭಕ್ತರಿಗೆ ಮುಜುಗರ. ಹರಿಹರನಿಗೆ ಆ ಮುಜುಗರವಿರಲಿಲ್ಲ. ಅವನೇನು ಕಡಿಮೆ ಭಕ್ತನೇ? ಗಂಡನ ಮನೆಯಿಂದ ಹೊರನಡೆದ ಹೆಣ್ಣನ್ನು ಪೂಜ್ಯಳೆಂದು ಹಾಡುವ ಧೈರ್ಯ ಅವನಿಗಿತ್ತು. ಮದುವೆಯನ್ನೇ ಅಳಿಸಿದರೆ ಅಕ್ಕ ನಿಷ್ಕಳಂಕಳಾಗುತ್ತಾಳೆ, ನಿಜ. ಆದರೆ ಆಕೆ ಬಿಟ್ಟುಬಂದದ್ದರ ಭಾರವೂ ಅಷ್ಟೇ ಇಳಿಯುತ್ತದೆ.

ಈ ಇಬ್ಬರು ಊರಿನವರು ಕಲ್ಯಾಣದ ಅನುಭವಮಂಟಪದಲ್ಲಿ ಎದುರಾಗುವ ಪ್ರಸಂಗ ‘ಶೂನ್ಯಸಂಪಾದನೆ’ಯಲ್ಲಿದೆ. ಅಲ್ಲಿ ಅಲ್ಲಮ ಅಕ್ಕನನ್ನು ಕೇಳುವುದು ಗಂಡನ ಗುರುತನ್ನೇ. ಅವಳು ಹೇಳುವ ಗಂಡ ಚೆನ್ನಮಲ್ಲಿಕಾರ್ಜುನ.