ಆರ್‌ಎಂಪಿ ಅಂದರೆ ಯಾರು?

ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಮೇಲೂರು ಸುತ್ತಿನ ರೇಷ್ಮೆ ಮನೆಗಳಲ್ಲಿ ಯಾರಿಗೂ ಕಾಯಿಲೆ ಬೀಳಲು ಪುರುಸೊತ್ತಿರುವುದಿಲ್ಲ. ಹುಳು ಸಾಕುವವರ ಮಾತಿನಲ್ಲಿ ಜ್ವರವೆಂದರೆ ಪೊರೆ ಕಳಚುವ ಮುನ್ನ ಹುಳು ಮೇವು ಬಿಟ್ಟು ಮಲಗುವುದು. ನಾಲ್ಕನೆಯದು ಮುಗಿಸಿ ಎದ್ದ ಹುಳು, ಬದುಕಿಡೀ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚನ್ನು ಒಂದು ವಾರದಲ್ಲೇ ಮೇಯುತ್ತದೆ. ಆ ವಾರ ಮನುಷ್ಯನಿಗೇ ಜ್ವರ ಬಂದರೆ? ಶಿಡ್ಲಘಟ್ಟದ ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಂತರೆ ಅರ್ಧ ದಿನ ಹೋಯಿತು. ‘ಒಂದು ಸೂಜಿ ಹಾಕ್ಬಿಡಿ ಸಾರ್’ ಅಂದರೆ ಹತ್ತೇ ನಿಮಿಷ. ಆ ಹತ್ತು ನಿಮಿಷದಲ್ಲಿ ಸಿಗುವವರೇ ಹಳ್ಳಿಗಳ ‘ಆರ್‌ಎಂಪಿ ಡಾಕ್ಟ್ರು’.

ತಮಾಷೆಯೆಂದರೆ ಕಾನೂನಿನಲ್ಲೂ ಇದೇ ಆರ್‌ಎಂಪಿ ಇದ್ದಾರೆ. 1945ರ ಔಷಧ ನಿಯಮಗಳ ಪ್ರಕಾರ ಅದು ‘ರಿಜಿಸ್ಟರ್ಡ್ ಮೆಡಿಕಲ್ ಪ್ರಾಕ್ಟೀಷನರ್’, ಅಂದರೆ ಓದು ಮುಗಿಸಿ ಮಂಡಳಿಯಲ್ಲಿ ಹೆಸರು ನೋಂದಾಯಿಸಿದ ವೈದ್ಯ. ಊರಿನವರ ಬಾಯಲ್ಲಿ ಮೊದಲ ಅಕ್ಷರ ‘ರೂರಲ್’ ಆಗಿಬಿಟ್ಟಿದೆ. ಪುಸ್ತಕದಲ್ಲಿ ಯಾರಿಗೆ ಹಕ್ಕಿದೆಯೋ ಅವರ ಹೆಸರು, ಬೀದಿಯಲ್ಲಿ ಹಕ್ಕಿಲ್ಲದವರಿಗೆ!

ಮನೆಯಲ್ಲಿರುವ ಆಂಟಿಬಯಾಟಿಕ್ ಮಾತ್ರೆಯ ಹಾಳೆಯೊಂದನ್ನು ತಿರುಗಿಸಿ ನೋಡಿ. ಶೆಡ್ಯೂಲ್ ಎಚ್ ಅಥವಾ ಎಚ್1 ಎಂದು ಸಣ್ಣಕ್ಷರದಲ್ಲಿ ಎಚ್ಚರಿಕೆ ಇರುತ್ತದೆ. ಚೀಟಿ ಇಲ್ಲದೆ ಮಾರುವಂತಿಲ್ಲ, ಚೀಟಿ ಬರೆಯುವವರು ಆ ಪುಸ್ತಕದ ಆರ್‌ಎಂಪಿಯೇ ಆಗಿರಬೇಕು. 2014ರಿಂದ ಜಾರಿಗೆ ಬಂದ ಎಚ್1 ಪಟ್ಟಿಯ ಔಷಧಗಳಿಗೆ ಅಂಗಡಿಯವರು ಬರೆದವರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ದಾಖಲಿಸಿ ಮೂರು ವರ್ಷ ಕಾಪಾಡಬೇಕು. ಔಷಧ ಅಳೆದು ಕೊಡುವುದು ಫಾರ್ಮಾಸಿಸ್ಟ್‌ ಹಕ್ಕು, ಬರೆಯುವುದಲ್ಲ. ‘ಇದೇ ಥರದ್ದು ಇನ್ನೊಂದು ಐತೆ, ತಗೊಳ್ಳಿ’ ಅನ್ನುವ ಕೌಂಟರಿನ ಹುಡುಗನಿಗಂತೂ ಎರಡೂ ಇಲ್ಲ.

ಆಯುರ್ವೇದ, ಹೋಮಿಯೋಪಥಿ ಓದಿದವರ ಪ್ರಶ್ನೆ ಇದಕ್ಕಿಂತ ಸಿಕ್ಕು. 1992ರಲ್ಲಿ ಮುಂಬೈಯಲ್ಲಿ ಜ್ವರ ಬಂದ ವ್ಯಕ್ತಿಯೊಬ್ಬರಿಗೆ ಹೋಮಿಯೋಪಥಿ ವೈದ್ಯರು ಅಲೋಪಥಿ ಔಷಧ ಕೊಡುತ್ತಾ ಹೋದರು. ಮೊದಲು ವೈರಲ್ ಅಂದರು, ಆಮೇಲೆ ಟೈಫಾಯಿಡ್ ಅಂದರು. ರೋಗಿ ತೀರಿಕೊಂಡರು. 1996ರಲ್ಲಿ ಸುಪ್ರೀಂ ಕೋರ್ಟ್, ತಾನು ಓದದ ಪದ್ಧತಿಯ ಔಷಧ ಕೊಡುವುದೇ ನಿರ್ಲಕ್ಷ್ಯ ಎಂದಿತು. ಎರಡು ವರ್ಷದ ನಂತರ ಮುಖ್ತಿಯಾರ್ ಚಂದ್ ಪ್ರಕರಣದಲ್ಲಿ ಒಂದು ಕಿಂಡಿಯನ್ನೂ ಬಿಟ್ಟಿತು: ರಾಜ್ಯದ ಕಾನೂನು ಒಪ್ಪಿದ್ದರೆ ಮಾತ್ರ ದೇಶೀ ಪದ್ಧತಿಯ ವೈದ್ಯರು ಅಲೋಪಥಿ ಔಷಧ ಬರೆಯಬಹುದು. ಪದವಿ ಇದೆ ಎಂಬುದಷ್ಟೇ ಸಾಲದು.

ಹಾಗಾದರೆ ಊರಿನ ಆಶಾ ಕಾರ್ಯಕರ್ತೆ ಪ್ಯಾರಾಸಿಟಮಾಲ್, ಓಆರ್‌ಎಸ್ ಕೊಡುವುದು ತಪ್ಪೇ? ಅಲ್ಲ. ಸರ್ಕಾರದ ಕಾರ್ಯಕ್ರಮದಡಿ ಹಂಚುವ ಔಷಧಕ್ಕೆ ಅದೇ ನಿಯಮಗಳ ಶೆಡ್ಯೂಲ್ ಕೆ ಮಾರಾಟ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿದೆ. ನರ್ಸಮ್ಮ ಲಸಿಕೆಯ ಸೂಜಿ ಚುಚ್ಚುವುದೂ ಕಾರ್ಯಕ್ರಮದ ಬಲದಿಂದಲೇ. ಬ್ರಿಟನ್ನಿನಲ್ಲಿ ತರಬೇತಿ ಪಡೆದ ನರ್ಸ್‌ಗಳು ತಾವೇ ಔಷಧ ಬರೆಯುತ್ತಾರೆ. ನಮ್ಮಲ್ಲೂ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಸೆಕ್ಷನ್ ‘ಸಮುದಾಯ ಆರೋಗ್ಯ ಸೇವಾದಾರ’ರಿಗೆ ಸೀಮಿತ ಲೈಸೆನ್ಸ್ ಕೊಡಲು ದಾರಿ ತೆರೆದಿದೆ. ಅದೇ ಕಾಯ್ದೆಯ 34ನೇ ಸೆಕ್ಷನ್, ನೋಂದಣಿ ಇಲ್ಲದೆ ವೈದ್ಯ ಮಾಡುವವರಿಗೆ ಒಂದು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ಇಟ್ಟಿದೆ.

ದಂಡದಿಂದಷ್ಟೇ ಇದು ನಿಲ್ಲುತ್ತದೆಂದು ನನಗನ್ನಿಸುವುದಿಲ್ಲ. ಸೊಪ್ಪು ಕೊಯ್ಯುವ ಕೈಗೆ ಅರ್ಧ ದಿನ ಬಿಡುವು ಸಿಗದ ತನಕ ಹತ್ತು ನಿಮಿಷದ ಡಾಕ್ಟ್ರು ಇದ್ದೇ ಇರುತ್ತಾರೆ. ಆದರೆ ಆ ಸೂಜಿಯಲ್ಲಿ ಇರುವುದೇನು? ಡೆಕ್ಸಾ ಆದರೆ ಅದು ಸ್ಟೀರಾಯ್ಡ್. ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ಒಳಗೇ ಉಳಿಯುತ್ತದೆ. ನೋವಿನ ಔಷಧ ಡೈಕ್ಲೋ ಆದರೆ, ಡೆಂಗಿ ಇದ್ದವರಿಗೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಇನ್ನು ನಿಮ್ಮ ಕೈಯಲ್ಲಿರುವ ಕೆಲಸ. ಖಾಸಗಿ ಕ್ಲಿನಿಕ್‌ಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿಯ ನೋಂದಣಿ ಸಂಖ್ಯೆಯನ್ನು ಬಾಗಿಲ ಬಳಿ ಬೋರ್ಡಿನಲ್ಲಿ ಹಾಕಬೇಕು, ಬೋರ್ಡು ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಇರಬೇಕು ಎಂದು ಆರೋಗ್ಯ ಇಲಾಖೆ 2024ರಲ್ಲಿ ಸೂಚಿಸಿದೆ. ಮುಂದಿನ ಸಲ ತೋಳು ಮಡಿಚುವ ಮೊದಲು ಬೋರ್ಡಿನ ಬಣ್ಣ ನೋಡಿ, ಸಂಖ್ಯೆ ಇದೆಯೇ ನೋಡಿ. ಬೋರ್ಡೇ ಇಲ್ಲದಿದ್ದರೆ ಶಿಡ್ಲಘಟ್ಟದ ಬಸ್ಸು ಹತ್ತಿ.